ಕಿವಿ ಮುಚ್ಚುವ ಕೆಲಸ

ನಾನು ಒಂದು ಮಂಕಿ ಟೋಪಿ. ಹುಟ್ಟಿದ್ದು ಎರಡು ಸಲ. ಅದರಲ್ಲಿ ಯಾವುದನ್ನು ಹುಟ್ಟು ಎನ್ನಬೇಕು, ಯಾವುದನ್ನು ಬೇರೇನೋ ಎನ್ನಬೇಕು ಎಂಬುದು ಈ ವಯಸ್ಸಿಗೂ ನನಗೆ ಬಗೆಹರಿದಿಲ್ಲ.

ಮೊದಲ ಸಲ ನಾನು ಸ್ವೆಟರ್ ಆಗಿದ್ದೆ. ಹಾಸನದಲ್ಲಿ ಕಾತ್ಯಾಯಿನಮ್ಮ ಎಂಬುವರು ಕಾಲೇಜಿಗೆ ಹೋಗುತ್ತಿದ್ದ ಮಗಳು ಸುಗುಣಳಿಗಾಗಿ ನನ್ನನ್ನು ಹೆಣೆದರು. ಬದನೆಕಾಯಿ ಬಣ್ಣದ ಉಣ್ಣೆ, ಉದ್ದ ತೋಳು. ಆಗ ನನಗೆ ಎದೆಯಿತ್ತು, ಬೆನ್ನಿತ್ತು, ಎರಡು ಕೈಗಳಿದ್ದವು. ಬೆಳಗಿನ ಚಳಿಯಲ್ಲಿ ಬಸ್ಸಿಗೆ ಕಾಯುತ್ತ ಸುಗುಣ ಕೈಕಟ್ಟಿ ನಿಂತರೆ, ನಾನೇ ನನ್ನನ್ನು ಅಪ್ಪಿಕೊಂಡ ಹಾಗಾಗುತ್ತಿತ್ತು. ಅಷ್ಟು ಸ್ಪಷ್ಟವಾದ ದಿನಗಳು ಮತ್ತೆ ಬರಲಿಲ್ಲ.

ಸುಗುಣಳಿಗೆ ಮದುವೆಯಾಯಿತು. ಮೈಸೂರಿಗೆ ಬಂದೆವು. ಗಂಡ ಪಂಚಾಕ್ಷರಿ ಹಿಟ್ಟಿನ ಮಿಲ್ಲು ನಡೆಸುತ್ತಿದ್ದ. ಮಿಲ್ಲಿನ ಮನೆಯಲ್ಲಿ ಸ್ವೆಟರಿಗೆ ಕೆಲಸವಿಲ್ಲ. ಟ್ರಂಕಿನೊಳಗೆ ನುಸಿಗುಳಿಗೆಗಳ ಜೊತೆ ಬಹಳ ವರ್ಷ ಮಲಗಿದೆ. ಗುಳಿಗೆ ಕರಗಿ ಮುಗಿದದ್ದು ಯಾರಿಗೂ ಗೊತ್ತಾಗಲಿಲ್ಲ, ನುಸಿಗಳ ಹೊರತು. ಅವು ನನ್ನ ಮೊಣಕೈಗಳನ್ನು ತಿಂದವು.

ಒಂದು ದಿನ ಸುಗುಣ ಟ್ರಂಕು ತೆರೆದಳು. ತಲೆಯಲ್ಲಿ ಬೆಳ್ಳಿಕೂದಲು ಬಂದಿತ್ತು. ನನ್ನನ್ನು ಎತ್ತಿ ಮೂಸಿದಳು, ತೂತುಗಳೊಳಗೆ ಬೆರಳು ಹಾಕಿ ನೋಡಿದಳು. ಆಮೇಲೆ ತೋಳಿನ ಅಂಚಿನ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಡಿಸಿ ಎಳೆಯತೊಡಗಿದಳು. ಸಾಲು ಸಾಲಾಗಿ ನಾನು ಇಲ್ಲವಾದೆ. ನೋವಾಯಿತೇ? ಹೇಳಲಾರೆ. ನೋವಾಗಬೇಕಾದ ಜಾಗವೇ ಮೊದಲು ಬಿಚ್ಚಿಹೋಗುತ್ತಿತ್ತು.

ಬಿಚ್ಚಿದ ಉಣ್ಣೆ ನೆಟ್ಟಗಿರುವುದಿಲ್ಲ. ಪ್ರತಿ ಕುಣಿಕೆಯ ಸುರುಳಿಯನ್ನೂ ಅದು ಹಾಗೇ ಇಟ್ಟುಕೊಂಡಿರುತ್ತದೆ. ಇಲ್ಲಿ ಭುಜ ಬರಬೇಕಿತ್ತು, ಇಲ್ಲಿ ಕತ್ತು ಎಂದು. ಸುಗುಣ ನನ್ನನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ಲಡಿ ಕಟ್ಟಿ, ಬೆಚ್ಚಗಿನ ನೀರಿನಲ್ಲಿ ಅದ್ದಿ, ಮಿಲ್ಲಿನ ತೂಕದ ಬಟ್ಟೊಂದನ್ನು ತುದಿಗೆ ತೂಗಿಬಿಟ್ಟಳು. ಹಳೆಯ ಸುರುಳಿಗಳನ್ನು ಮರೆಸಲು ಅವಳ ತಾಯಿ ಕಲಿಸಿದ ಉಪಾಯ ಅದು. ಪೂರ್ತಿ ಮರೆಯುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಹೀಗೆ ನಾನು ಟೋಪಿಯಾದೆ. ತಲೆಗೆ, ಕಿವಿಗೆ, ಗದ್ದಕ್ಕೆ ಒಂದೇ ಸಮನಾಗಿ ಇಳಿಯುವ, ಮುಖಕ್ಕೆ ಮಾತ್ರ ಕಿಂಡಿಯಿರುವ ಟೋಪಿ. ಪಂಚಾಕ್ಷರಿಯ ತಲೆಯ ಮೇಲೆ ನನ್ನನ್ನು ಎಳೆದು ಕೂರಿಸಿ ಸುಗುಣ ನಕ್ಕಳು.

“ಕನ್ನಡೀಲಿ ನೋಡ್ಕೊಳ್ಳಿ. ಥೇಟ್ ಬದನೆಕಾಯಿ.”

“ತೊಟ್ಟು ಎಲ್ಲಿ?” ಎಂದ ಪಂಚಾಕ್ಷರಿ. ಅವಳು ಹೇಳಿದ್ದನ್ನು ಅವನು ಕೇಳಿಸಿಕೊಂಡಿದ್ದ. ಹಾಗೆಂದು ಆಗ ನಾನು ತಿಳಿದೆ.

ಮಿಲ್ಲಿನ ಧೂಳಿಗೆ ಅವನ ಎದೆ ಕಟ್ಟುತ್ತಿತ್ತು. ಬೆಳಿಗ್ಗೆ ಪಾರ್ಕಿನಲ್ಲಿ ನಡೆಯಲು ಡಾಕ್ಟರು ಹೇಳಿದ್ದರು. ಪಾರ್ಕಿನಲ್ಲಿ ಭಾನುವಾರ ಹಕ್ಕಿ ನೋಡುವವರದೊಂದು ಗುಂಪು ಸೇರುತ್ತಿತ್ತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ಫಿಲೋಮಿನಾ ಮೇಡಂ ಅದರ ಹಿರಿಯರು. ಇನ್ಶೂರೆನ್ಸ್ ಮಾಡಿಸುವ ರಂಗರಾಜು ಎಂಬಾತ ಅದರ ಬಾಯಿ. ಪಂಚಾಕ್ಷರಿ ಒಂದು ದಿನ ಸುಮ್ಮನೆ ನಿಂತು ನೋಡಿದ, ಮರುವಾರ ದುರ್ಬೀನು ಕೊಂಡ. ನಾನು ಸೇರಿಕೊಂಡದ್ದು ಅದರ ನಂತರದ ಚಳಿಗಾಲದಲ್ಲಿ.

ನನ್ನ ಪಾಲಿಗೆ ಜಗತ್ತೆಂದರೆ ಬರೀ ಚಳಿಗಾಲ. ಮಂಜು, ಒದ್ದೆ ಹುಲ್ಲು, ಬಾಯಿಂದ ಹೊಗೆ. ಶಿವರಾತ್ರಿಗೆ ಮುಂಚೆಯೇ ನನ್ನನ್ನು ಮಡಿಸಿಡುತ್ತಾರೆ, ಮತ್ತೆ ತೆಗೆದಾಗ ಮಂಜು. ನಡುವೆ ಬೇರೇನೋ ಇರುತ್ತದಂತೆ. ಇರಬಹುದು.

ತಲೆಯೊಂದಕ್ಕೆ ಇಷ್ಟು ಹತ್ತಿರವಿದ್ದು ಅದರೊಳಗೇನಿದೆ ಎಂದು ತಿಳಿಯದೆ ಇರುವುದು ವಿಚಿತ್ರವಾದ ಬದುಕು. ಬೆವರು ಗೊತ್ತು, ಎಣ್ಣೆ ಗೊತ್ತು, ಕಿವಿಯ ಹಿಂದೆ ಉಳಿದ ಹಿಟ್ಟಿನ ಪುಡಿ ಗೊತ್ತು. ಯೋಚನೆ ಗೊತ್ತಾಗಲಿಲ್ಲ. ಪಾರ್ಕಿನಿಂದ ಅವನು ನೇರ ಮಿಲ್ಲಿಗೆ ಹೋಗುತ್ತಿದ್ದ, ನಾನೂ. ಅಲ್ಲಿ ಬೆಲ್ಟು ತಿರುಗತೊಡಗಿದರೆ ಗೋಡೆಗಳೂ ನಡುಗುತ್ತಿದ್ದವು. ಡಬ್ಬ ಹಿಡಿದು ಬಂದವರು ಬಾಯಿ ಆಡಿಸುತ್ತಿದ್ದರು. ಅವನು ಅವರ ಬಾಯಿಯನ್ನೇ ನೋಡುತ್ತ “ರಾಗಿ, ನುಣ್ಣಗೆ, ಆಯ್ತು” ಎನ್ನುತ್ತಿದ್ದ. ಕಣ್ಣು ಬಿಟ್ಟು ಬಾಯನ್ನೇಕೆ ನೋಡುತ್ತಾನೆ? ಹಲ್ಲಿನ ಮೇಲೆ ಇವನಿಗೇನೋ ಮೋಹವಿರಬೇಕು ಎಂದುಕೊಂಡೆ.

ಹಕ್ಕಿಗಳ ವಿಷಯದಲ್ಲಿ ಅವನ ಕಣ್ಣು ಚುರುಕು. ಎಲೆಗಳ ನಡುವೆ ಎಲೆಯಲ್ಲದ್ದು ಅಲುಗಿದರೆ ಅವನಿಗೆ ಮೊದಲು ಕಾಣುತ್ತಿತ್ತು. ಆದರೆ ಮಂಜು ಮುಸುಕಿದ ದಿನ ಎಲ್ಲರೂ ಕಿವಿಯಿಂದಲೇ ಹಕ್ಕಿ ಹುಡುಕುತ್ತಿದ್ದರು. ಮೇಡಂ ಬೆರಳೆತ್ತಿ ನಿಲ್ಲುತ್ತಿದ್ದರು. ಮೂಗಿನವರೆಗೆ ಮಫ್ಲರ್ ಸುತ್ತಿಕೊಂಡೇ ಏನೋ ಹೇಳುತ್ತಿದ್ದರು.

“ಪಂಚಾಕ್ಷರಿ ಅವರೇ, ಕೇಳಿಸ್ತಾ?” ಎಂದು ಆಮೇಲೆ ಜೋರಾಗಿ ಕೇಳುತ್ತಿದ್ದರು.

ಆಗ ಅವನು ನನ್ನನ್ನು ಮುಟ್ಟಿ ತೋರಿಸುತ್ತಿದ್ದ. “ಈ ಟೋಪಿ ಹಾಕ್ಕೊಂಡ್ರೆ ಏನೂ ಕೇಳ್ಸಲ್ಲ ಮೇಡಂ.”

“ತೆಗೆದುಬಿಡಿ ಮತ್ತೆ.”

“ತೆಗೆದ್ರೆ ಶೀತ ಮೇಡಂ. ಎದೆ ಕಟ್ಕೊಳ್ಳುತ್ತೆ.”

“ಮಿಲ್ಲಿನೋರ ಎದೆ ಕಟ್ಟಿದ್ರೆ ನಮಗೆಲ್ಲ ರೊಟ್ಟಿ ಇಲ್ಲ, ಬಿಡಿ ಮೇಡಂ,” ಎಂದು ರಂಗರಾಜು ನಗುತ್ತಿದ್ದ. “ಏನ್ ಸಾರ್, ಹೆಂಡ್ತಿ ಹೆಣೆದಿದ್ದಾ? ಅದಕ್ಕೇ ಕಿವಿ ಹತ್ರ ಡಬಲ್ ಹಾಕಿದಾರೆ. ಹೊರಗಿನ ಮಾತು ಯಾವ್ದೂ ಒಳಗ್ ಹೋಗ್ಬಾರ್ದು ಅಂತ.”

ಎಲ್ಲರೂ ನಗುತ್ತಿದ್ದರು. ನಾನು ಕುಗ್ಗುತ್ತಿದ್ದೆ. ಕಿವಿ ಮುಚ್ಚುವುದು ನನ್ನ ಕೆಲಸ ನಿಜ. ಆದರೆ ಇಷ್ಟು ಚೆನ್ನಾಗಿ ಮುಚ್ಚುತ್ತೇನೆಯೇ? ನನ್ನ ಮೈತುಂಬ ತೂತುಗಳು. ಗಾಳಿ ಬರುತ್ತದೆ, ಮಂಜು ಬರುತ್ತದೆ, ಹಕ್ಕಿಗಳ ಕೂಗು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಅದೇ ಕೂಗು ನನ್ನನ್ನು ದಾಟಿ ಒಂದು ಕೂದಲೆಳೆಯಷ್ಟು ಆಚೆ ಇರುವ ಕಿವಿಗೆ ಹೋಗುವುದಿಲ್ಲವೆಂದರೆ, ಎಲ್ಲೋ ನಾನೇ ಅದನ್ನು ನುಂಗುತ್ತಿರಬೇಕು. ನುಂಗಿದ್ದು ನನಗೇ ತಿಳಿಯುತ್ತಿಲ್ಲ.

ಮೂರನೆಯ ಚಳಿಗಾಲ. ಡಿಸೆಂಬರ್. ಆ ಭಾನುವಾರ ಸುಗುಣ ತಾನೂ ಬರುತ್ತೇನೆಂದು ಹೊರಟಳು. ಶಾಲನ್ನು ತಲೆಯಿಂದ ಮೂಗಿನವರೆಗೆ ಸುತ್ತಿಕೊಂಡಿದ್ದಳು, ಕಣ್ಣು ಮಾತ್ರ ಹೊರಗಿತ್ತು. ಗುಂಪು ಇನ್ನೂ ಸೇರಿರಲಿಲ್ಲ. ಹೊಂಗೆ ಮರಗಳ ಕೆಳಗೆ ಇಬ್ಬರೇ ನಡೆಯುತ್ತಿದ್ದರು. ಅವನು ಮೇಲೆ ನೋಡುತ್ತಿದ್ದ, ಅವಳು ಕೆಳಗೆ.

“ರೀ, ಒಂದ್ ಮಾತು ಹೇಳ್ಬೇಕಿತ್ತು.”

ಅವನು ದುರ್ಬೀನು ಎತ್ತಿದ. ಕೊಂಬೆಯ ಮೇಲೆ ಮಡಿವಾಳ ಹಕ್ಕಿಯೊಂದು ಬಾಲವೆತ್ತಿ ಕೂತಿತ್ತು.

“ಮನೇಲಿ ಹೇಳಣಾ ಅಂದ್ರೆ ಅತ್ತೆ ಅಲ್ಲೇ ಇರ್ತಾರೆ. ಮಿಲ್ಲಲ್ಲಿ ಕಿರುಚ್ಬೇಕು. ಇದು ಕಿರುಚಿ ಹೇಳೋ ಮಾತಲ್ಲ.” ಅವಳು ತಡೆದಳು. ಶಾಲಿನೊಳಗೆ ಉಸಿರು ಬಿಟ್ಟಳು. “ಡಾಕ್ಟ್ರು ಗರ್ಭಕೋಶ ತೆಗೀಲೇಬೇಕು ಅಂದ್ರು. ಇನ್ನು ತಡ ಮಾಡೋ ಹಾಗಿಲ್ವಂತೆ. ನಾಳೆ ಬಿಟ್ಟು ಬರೋ ಸೋಮವಾರ ಅಡ್ಮಿಟ್ ಆಗ್ಬೇಕು. ನಂಗೆ ಭಯ ಆಗ್ತಿದೆ. ನೀವು ಜೊತೇಲಿರ್ತೀರಿ ತಾನೆ?”

ಒಂದೊಂದು ಮಾತೂ ನನ್ನೊಳಗೆ ಬಂತು. ಬಲಗಿವಿಯ ಹತ್ತಿರದ ಕುಣಿಕೆಗಳಲ್ಲಿ ಬಂದು ನಿಂತಿತು. ಹೋಗು, ಒಳಗೆ ಹೋಗು ಎಂದೆ. ಅದೇ ಹೊತ್ತಿಗೆ ಮಡಿವಾಳ ಹಕ್ಕಿ ಹಾರಿಹೋಯಿತು. ಪಂಚಾಕ್ಷರಿ ದುರ್ಬೀನು ಇಳಿಸಿದ. ಶಾಲಿನ ಮೇಲಿನ ಅವಳ ಕಣ್ಣುಗಳನ್ನು ಕಂಡ. ಅವು ಏನೋ ಕೇಳುತ್ತಿವೆ ಎಂಬುದು ತಿಳಿದಿರಬೇಕು. ಸಮಾಧಾನ ಮಾಡುವವನಂತೆ ನಕ್ಕ.

“ಹೋಗ್ಲಿ ಬಿಡು.”

ಸುಗುಣ ನಿಂತಳು. ಅವನು ಮುಂದೆ ನಡೆದ. ಅವನ ತಲೆಯ ಮೇಲೆ ಕೂತಿದ್ದ ನಾನೂ ಮುಂದೆ ನಡೆಯಬೇಕಾಯಿತು.

ಆ ವಾರವನ್ನು ನಾನು ಹೇಗೆ ಕಳೆದೆನೋ. ಮನೆಗೆ ಬಂದರೆ ಬಾಗಿಲ ಹಿಂದಿನ ಮೊಳೆಯಲ್ಲಿ ನನ್ನ ಜಾಗ. ಮನೆಯಲ್ಲಿ ಅವಳ ಬಾಯಿಗೆ ಶಾಲು ಇರಲಿಲ್ಲ, ಮಾತೂ ಇರಲಿಲ್ಲ. ಚಟ್ನಿಪುಡಿ, ಸಾರಿನಪುಡಿ ಮಾಡಿ ಡಬ್ಬಗಳಿಗೆ ತುಂಬಿದಳು. ಪಂಚಾಕ್ಷರಿ ಅಡುಗೆಮನೆಗೆ ಇಣುಕಿ, “ಏನಿದು, ಯಾರಾದ್ರೂ ಬರ್ತಿದಾರಾ?” ಎಂದು ಕೇಳಿದ. ಅವಳು ಡಬ್ಬದ ಮುಚ್ಚಳ ಒತ್ತಿದಳು, ತಿರುಗಲಿಲ್ಲ. ಅವನು ತಾನೇನು ತಪ್ಪು ಮಾಡಿದೆ ಎಂದು ಹುಡುಕುವವನಂತೆ ತನ್ನ ಅಂಗೈಗಳನ್ನು ನೋಡಿಕೊಂಡು, ಹೊರಟುಹೋದ.

ಅತ್ತೆ ಮಲಗಿದ್ದ ಒಂದು ಮಧ್ಯಾಹ್ನ ಅವಳು ಹಾಸನದ ಅಕ್ಕನಿಗೆ ಫೋನು ಮಾಡಿದಳು.

“ಹೇಳ್ದೆ ಕಣಕ್ಕಾ. ಹೋಗ್ಲಿ ಬಿಡು ಅಂದ್ರು... ಹ್ಞೂಂ, ಅಷ್ಟೇ. ಹಕ್ಕಿ ನೋಡ್ತಾ ಇದ್ರು... ಇನ್ನೊಂದ್ ಸಲ ಯಾಕ್ ಹೇಳ್ಲಿ? ನಾನೇನು ಭಿಕ್ಷೆ ಬೇಡ್ಬೇಕಾ? ನೀನೇ ಬಂದ್ಬಿಡು ಸೋಮವಾರ. ಅವ್ರು ಮಿಲ್ಲು ತೆಗೀಲಿ. ನಾವಿಬ್ರೂ ಆಟೋ ಮಾಡ್ಕೊಂಡು ಹೋಗೋಣ.”

ಫೋನಿಟ್ಟು ಅವಳು ಬಾಗಿಲ ಹಿಂದೆ ಬಂದು ನಿಂತಳು. ಕೈಚಾಚಿ ನನ್ನನ್ನು ಹಿಂಡಿದಳು. ನನ್ನನ್ನು ಹೆಣೆದ ಬೆರಳುಗಳವು. ಕಾಲೇಜಿಗೆ ಹೋಗುವಾಗ ನನ್ನ ತೋಳಿನಿಂದ ಹೊರಬರುತ್ತಿದ್ದ ಬೆರಳುಗಳೂ ಅವೇ. ಬಿಚ್ಚಿಬಿಡು ಎಂದು ಕೇಳಿಕೊಂಡೆ. ಕಿವಿಯ ಹತ್ತಿರದ ಸಾಲುಗಳನ್ನಾದರೂ ಬಿಚ್ಚಿಬಿಡು, ನಿನ್ನ ಮಾತು ಅಲ್ಲೇ ಸಿಕ್ಕಿಕೊಂಡಿದೆ. ಅವಳು ನನ್ನನ್ನು ಮತ್ತೆ ಮೊಳೆಗೆ ಹಾಕಿದಳು. ಕೇಳಿಸದೆ ಇರುವುದು ಎಷ್ಟು ಬಗೆಯೆಂದು ಆಗ ಗಾಬರಿಯಾಯಿತು.

ಭಾನುವಾರ ಬಂತು. ಮಾರನೆಯ ದಿನ ಆಸ್ಪತ್ರೆ.

“ಬರ್ತೀಯಾ?” ಎಂದು ಅವನು ಕೇಳಿದ. ಅವಳು ಶಾಲು ಸುತ್ತಿಕೊಂಡು ಹೊರಟಳು. ಯಾಕೆ ಹೊರಟಳೋ ತಿಳಿಯದು. ಇನ್ನೊಂದು ಸಲ ಹೇಳುತ್ತಾಳೆ ಎಂದುಕೊಂಡೆ. ದಾರಿಯುದ್ದಕ್ಕೂ ಹೇಳಲಿಲ್ಲ. ಪಾರ್ಕಿನ ಗೇಟಿನಲ್ಲಿ ಹೇಳಲಿಲ್ಲ. ಹೊಂಗೆ ಮರಗಳ ಕೆಳಗೆ ಬಂದಾಗ ಅವಳ ಹೆಜ್ಜೆ ನಿಧಾನವಾಯಿತು. ನಾನು ನನ್ನ ಕುಣಿಕೆಗಳನ್ನೆಲ್ಲ ಆದಷ್ಟು ಅಗಲಿಸಿ ಕಾದೆ. ಹೇಳಲಿಲ್ಲ.

ಗುಂಪು ನೀಲಗಿರಿ ಮರದ ಕೆಳಗೆ ಸೇರಿತ್ತು. ಮರದ ತುದಿಯಲ್ಲಿ ಜೋಡಿ ಹದ್ದುಗಳು ಗೂಡು ಕಟ್ಟುತ್ತಿದ್ದವು. ಕಡ್ಡಿ, ಚಿಂದಿ, ಪ್ಲಾಸ್ಟಿಕ್ ಹೊತ್ತು ತರುತ್ತಿದ್ದವು.

“ತುಂಬ ಹತ್ತಿರ ಹೋಗಬೇಡಿ,” ಎಂದರು ಫಿಲೋಮಿನಾ ಮೇಡಂ ಮಫ್ಲರಿನೊಳಗಿನಿಂದ. “ಗೂಡಿನ ಸಮಯದಲ್ಲಿ ಅವಕ್ಕೆ ಸಿಟ್ಟು ಜಾಸ್ತಿ.”

ಎಲ್ಲರೂ ಹಿಂದೆ ಸರಿದರು. ಪಂಚಾಕ್ಷರಿ ಎರಡು ಹೆಜ್ಜೆ ಮುಂದೆ ಹೋಗಿ, ಕತ್ತು ಎತ್ತಿ, ದುರ್ಬೀನು ಹಿಡಿದ.

ಮುಂದಿನದು ಬಹಳ ಬೇಗ ನಡೆಯಿತು. ನೆರಳು, ಗಾಳಿ, ನೆತ್ತಿಯಲ್ಲಿ ಉಗುರುಗಳು. ಅವನ ಗದ್ದದಡಿಯಿಂದ ನಾನು ಕಿತ್ತುಬಂದೆ. ಬಯಲಿನಲ್ಲಿ ಮೊದಲ ಸಲ ನನ್ನೊಳಗೆ ಯಾರೂ ಇರಲಿಲ್ಲ. ಕೆಳಗೆ ಪಾರ್ಕು ತಟ್ಟೆಯ ಹಾಗೆ ತಿರುಗಿತು.

“ಅಯ್ಯಯ್ಯೋ!” ಎಂದು ರಂಗರಾಜು ಕೂಗಿದ್ದು ಕೇಳಿಸಿತು. “ನಾವು ಹಕ್ಕಿ ನೋಡೋಕೆ ಬಂದ್ರೆ ಹಕ್ಕಿನೇ ಇವ್ರನ್ನ ನೋಡ್ಕೊಂಡು ಹೋಯ್ತಲ್ರೀ! ಸಾರ್, ತಲೆ ಇದ್ಯಾ? ಅದೂ ಹೋಯ್ತಾ?”

ಹದ್ದು ನನ್ನನ್ನು ಕಡ್ಡಿಗಳ ನಡುವೆ ತುರುಕಿತು. ಅಲ್ಲಿಂದ ಕೆಳಗೆ ನೋಡಿದೆ. ಇಷ್ಟು ವರ್ಷ ಹೊತ್ತುಕೊಂಡವನ ನೆತ್ತಿಯನ್ನು ಮೇಲಿನಿಂದ ಕಂಡದ್ದು ಆಗಲೇ. ಬೋಳು. ಸುತ್ತಲೂ ನನ್ನ ಅಂಚು ಒತ್ತಿದ ಗುರುತು. ಅವನು ಎರಡೂ ಕೈಗಳಿಂದ ಕಿವಿಗಳನ್ನು ಮುಟ್ಟಿಕೊಳ್ಳುತ್ತಿದ್ದ.

ನಗು ಇನ್ನೂ ಇಳಿದಿರಲಿಲ್ಲ. ಮೇಡಂ ಬೆರಳೆತ್ತಿದರು. ಎಲ್ಲರೂ ಸುಮ್ಮನಾದರು. ಚಳಿಗಾಲಕ್ಕೆಂದು ಹಿಮಾಲಯದ ಕಡೆಯಿಂದ ಬರುವ ಉಲಿಯಕ್ಕಿ, ಹೆಬ್ಬೆರಳಿನಷ್ಟಿರುವುದು, ಎಡಗಡೆಯ ಸಂಪಿಗೆ ಮರದಲ್ಲಿ ಕೂಗುತ್ತಿತ್ತು. ಸೂಜಿಯಂಥ ದನಿ. ನನಗೆ ಅಷ್ಟು ಮೇಲೂ ಕೇಳಿಸಿತು.

“ಪಂಚಾಕ್ಷರಿ ಅವರೇ,” ಎಂದು ಮೇಡಂ ಜೋರಾಗಿ, ಪ್ರೀತಿಯಿಂದಲೇ ಕರೆದರು, “ಈಗ ಟೋಪಿ ಇಲ್ಲವಲ್ಲ. ಹೇಳಿ ನೋಡೋಣ, ಯಾವ ಮರದಲ್ಲಿದೆ?”

ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಮಫ್ಲರು, ಟವೆಲು, ಶಾಲು. ಒಂದು ಬಾಯಿಯೂ ಕಾಣಲಿಲ್ಲ. ಹಕ್ಕಿ ಮತ್ತೆ ಕೂಗಿತು. ಅವನು ನಗುತ್ತ, ಬಹಳ ಖಚಿತವಾಗಿ, ಬಲಗಡೆಯ ಖಾಲಿ ಮರದ ಕಡೆ ಕೈತೋರಿಸಿದ.

ಯಾರೋ ಕಿಸಕ್ಕೆಂದರು. ಆಮೇಲೆ ಯಾರೂ ನಗಲಿಲ್ಲ.

ಮೇಲಿನಿಂದ ನನಗೆ ಕಂಡದ್ದು ಇಷ್ಟು: ನಾನು ಅವನ ಕಿವಿಯ ಮೇಲಿರಲಿಲ್ಲ, ಆದರೂ ಅವನಿಗೆ ಕೇಳಿಸಲಿಲ್ಲ. ಮೂರು ಚಳಿಗಾಲ ಹೊತ್ತ ತಪ್ಪು ನನ್ನದಲ್ಲ ಎಂದು ತಿಳಿದ ಮೇಲೆ ಹಗುರಾಗಬೇಕಿತ್ತು. ಬದಲಿಗೆ, ನನ್ನದೆಂದು ಇದ್ದ ಒಂದೇ ವಸ್ತುವನ್ನು ಕಿತ್ತುಕೊಂಡಂತಾಯಿತು.

ಸುಗುಣ ಗುಂಪಿನ ಅಂಚಿನಲ್ಲಿದ್ದಳು. ಅವನ ಬೆನ್ನ ಹಿಂದೆ ಹೋಗಿ ಮೆಲ್ಲಗೆ “ರೀ” ಎಂದಿರಬೇಕು. ಅವನು ತಿರುಗಲಿಲ್ಲ. ಇನ್ನೊಮ್ಮೆ ಅಂದಳು. ಅವನು ಅದೇ ಖಾಲಿ ಮರದ ಕಡೆ ಕೈಚಾಚಿಕೊಂಡಿದ್ದ. ಅವಳು ಎದುರಿಗೆ ಬಂದು ನಿಂತು ಮುಖದ ಮೇಲಿನ ಶಾಲನ್ನು ಕೆಳಗೆ ಎಳೆದಳು. ಅವಳ ಬಾಯಿಂದ ಹೊಗೆ ಬಂತು. ಮಾತು ನನ್ನವರೆಗೆ ಬರಲಿಲ್ಲ. ತುಟಿಗಳು ಮಾತ್ರ ಆಡಿದವು. ಆದರೆ ಅವನು ಮಿಲ್ಲಿನಲ್ಲಿ ನೋಡುತ್ತಿದ್ದ ಹಾಗೇ ಆ ತುಟಿಗಳನ್ನು ನೋಡಿದ.

“ಏನು?” ಎಂದ. ಮಿಲ್ಲಿನ ದನಿ ಅದು, ಬೆಲ್ಟಿನ ಸದ್ದನ್ನು ಮೀರಿಸಿ ಅಭ್ಯಾಸವಾದದ್ದು. “ಗರ್ಭಕೋಶಾನಾ? ನಿಂದಾ? ನಾಳೇನಾ?”

ಇಡೀ ಪಾರ್ಕಿಗೆ ಕೇಳಿಸಿತು. ಓಡುತ್ತಿದ್ದವರು ನಿಂತರು. ಸಂಪಿಗೆ ಮರದ ಉಲಿಯಕ್ಕಿ ಹಾರಿಹೋಯಿತು. ಅತ್ತೆಗೆ ಕೇಳಿಸಬಾರದೆಂದು ಅವಳು ಇಷ್ಟು ದೂರ ಹೊತ್ತು ತಂದಿದ್ದ ಮಾತು ಮರದಿಂದ ಮರಕ್ಕೆ ಬಡಿಯಿತು. ಸುಗುಣ ಕಣ್ಣು ಮುಚ್ಚಿಕೊಂಡಳು. ರಂಗರಾಜು, ಆ ರಂಗರಾಜುವೇ, ಎಲ್ಲರನ್ನೂ ತೋಳಿನಿಂದ ತಳ್ಳಿಕೊಂಡು ಕೆರೆಯ ಕಡೆ ಕರೆದೊಯ್ದ. “ಬನ್ನಿ ಮೇಡಂ, ಅಲ್ಲೇನೋ ಕೂತಿದೆ, ಬನ್ನಿ ಬನ್ನಿ.” ಅಲ್ಲೇನೂ ಕೂತಿರಲಿಲ್ಲ.

“ಹೋದ ವಾರಾನೇ ಹೇಳಿದ್ಯಾ?” ಎಂದ ಅವನು, ಅಷ್ಟೇ ಜೋರಾಗಿ. ಅವಳು ತಲೆಯಾಡಿಸಿದಳು. “ನಾನೇನಂದೆ?”

ಅವಳು ಹೇಳಿದಳು. ಅವನು ಓದಿಕೊಂಡ. ಓದಿ, ಒದ್ದೆ ಹುಲ್ಲಿನ ಮೇಲೆ ಹಾಗೇ ಕೂತುಬಿಟ್ಟ.

“ಸಣ್ಣ ದನಿ ಯಾವ್ದೂ ಕೇಳ್ಸಲ್ಲ ಕಣೇ,” ಎಂದ. “ಮೂರ್ನಾಕು ವರ್ಷ ಆಯ್ತು. ಬಾಯಿ ಕಂಡ್ರೆ ತಿಳ್ಕೋತೀನಿ. ಚಳಿ ಬಂದ್ರೆ ಎಲ್ರೂ ಬಾಯಿ ಮುಚ್ಕೋತೀರಾ. ಕಿವುಡ ಅಂದ್ರೆ ಇವ್ರು ಇಲ್ಲಿಗೆ ಸೇರಿಸ್ತಾರಾ? ಅದಕ್ಕೇ ಟೋಪಿ ಮೇಲೆ ಹಾಕ್ತಿದ್ದೆ.”

ಅವಳು ಅವನ ಪಕ್ಕದಲ್ಲಿ ಕೂರಲು ಹೋದವಳು, ಏನೋ ಯೋಚಿಸಿ, ಎದುರಿಗೆ ಕೂತಳು.

ಇಷ್ಟೇ ನನಗೆ ಗೊತ್ತಿರುವುದು. ಮಾರನೆಯ ದಿನ ಆಟೋದಲ್ಲಿ ಯಾರು ಯಾರು ಹೋದರು, ಆಸ್ಪತ್ರೆಯಲ್ಲಿ ಏನಾಯಿತು, ಒಂದೂ ತಿಳಿಯದು. ಆಮೇಲಿನ ಭಾನುವಾರಗಳಲ್ಲಿ ಗುಂಪು ಬಂತು, ಅವರು ಬರಲಿಲ್ಲ. ಫಿಲೋಮಿನಾ ಮೇಡಂ ದುರ್ಬೀನಿನಿಂದ ನನ್ನನ್ನು ನೋಡಿ, “ಟೋಪಿ ಇನ್ನೂ ಇದೆ” ಎನ್ನುತ್ತಿದ್ದರು. ನೋಡುವವರ ಜೊತೆ ಇದ್ದವನು ನೋಡಿಸಿಕೊಳ್ಳುವವನಾದೆ. ನಾನೀಗ ಟೋಪಿಯೋ, ಗೂಡೋ? ಮೂರನೆಯ ಸಲ ಹುಟ್ಟಿದೆನೋ, ಇದು ಸಾವಿನ ಒಂದು ಬಗೆಯೋ? ಹದ್ದು ನನ್ನ ಮೇಲೆ ಮೊಟ್ಟೆ ಇಟ್ಟಿತು. ಮಂಜಿಗೆ ಒದ್ದೆಯಾದೆ, ಬಿಸಿಲಿಗೆ ಒಣಗಿದೆ, ಬಣ್ಣ ಬಿಟ್ಟೆ. ಮೊಟ್ಟೆ ಒಡೆದು ಬೂದು ತುಪ್ಪಳದ ಮರಿಗಳು ಬಂದವು. ಅವುಗಳಿಗೆ ನನ್ನ ವಿಷಯದಲ್ಲಿ ಯಾವ ಗೊಂದಲವೂ ಇದ್ದಂತಿಲ್ಲ.

ಚಳಿ ಇನ್ನೂ ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಅವರು ಬಂದರು.

ಸುಗುಣ ಬಹಳ ನಿಧಾನವಾಗಿ ನಡೆಯುತ್ತಿದ್ದಳು, ಒಂದು ಕೈ ಹೊಟ್ಟೆಯ ಮೇಲೆ. ಶಾಲು ಭುಜದ ಮೇಲಿತ್ತು, ಮುಖವೆಲ್ಲ ಗಾಳಿಗೆ ಬಿಟ್ಟಿತ್ತು. ಪಂಚಾಕ್ಷರಿ ಅವಳ ಪಕ್ಕದಲ್ಲಿರಲಿಲ್ಲ, ಒಂದು ಹೆಜ್ಜೆ ಮುಂದೆ, ಅವಳ ಕಡೆ ಮುಖ ಮಾಡಿ, ಓರೆಯಾಗಿ ನಡೆಯುತ್ತಿದ್ದ. ಹಿಂದೆ ಏನಿದೆ ಎಂದು ಕಾಣದೆ ಬೇರು ಎಡವಿದ, ಕಲ್ಲು ಎಡವಿದ. ಗುಂಪು ಎದುರಾಯಿತು.

“ಸಾರ್, ಮಿಂಚುಳ್ಳಿ! ನಿಮ್ಮ ಹಿಂದೇನೇ ಇದೆ!” ಎಂದು ರಂಗರಾಜು ಮಫ್ಲರು ಕೆಳಗೆಳೆದು, ಬಾಯಿ ದೊಡ್ಡದು ಮಾಡಿ ಹೇಳಿದ.

“ಇರ್ಲಿ ಬಿಡ್ರೀ,” ಎಂದ ಪಂಚಾಕ್ಷರಿ. ತಿರುಗಲಿಲ್ಲ.

ನೀಲಗಿರಿ ಮರದ ಕೆಳಗೆ ಇಬ್ಬರೂ ನಿಂತರು. ಸುಗುಣ ಮೇಲೆ ನೋಡಿದಳು. ನನ್ನನ್ನು ಗುರುತಿಸಿದಳೋ ಏನೋ. ಮುಖ ಮೇಲೆತ್ತಿದ್ದರಿಂದ ಅವಳ ಮಾತು ಈ ಸಲ ನನಗೆ ಸಿಕ್ಕಿತು.

“ಚಳಿಗೆ ನಿಮ್ಮ ಕಿವಿ ಕೆಂಪಾಗಿದೆ. ಇನ್ನೊಂದು ಹೆಣೆದ್ ಕೊಡ್ಲಾ?”

“ಇನ್ನೊಂದ್ಸಲ ಹೇಳು. ಮುಖ ಇತ್ತ ಮಾಡು.”

ಅವಳು ಮುಖ ಅವನತ್ತ ಮಾಡಿ ಇನ್ನೊಂದು ಸಲ ಹೇಳಿದಳು. ಒಂದು ಮಾತನ್ನು ಎರಡು ಸಲ ಹೇಳುವುದರಲ್ಲಿ ಅವಳಿಗೆ ಬೇಸರವಿದ್ದಂತೆ ಕಾಣಲಿಲ್ಲ.

“ಬೇಡ!” ಎಂದ ಅವನು.

ಎಷ್ಟು ಜೋರಾಗಿ ಅಂದನೆಂದರೆ ಹದ್ದು ಗೂಡು ಬಿಟ್ಟು ಎದ್ದು ಹಾರಿತು. ಅದರ ಹೊಟ್ಟೆಯ ಬಿಸಿ ಒಮ್ಮೆಲೇ ಹೋಯಿತು. ಆ ಬೇಡವನ್ನು ಕೇಳಿ ನನಗೆ ದುಃಖವಾಯಿತೋ, ಬಿಡುಗಡೆಯಾಯಿತೋ, ಯೋಚಿಸಲು ಹೊತ್ತಿರಲಿಲ್ಲ. ಮರಿಗಳು ನಡುಗುತ್ತಿದ್ದವು. ಒಂದು ಮರಿ ಕುರುಡಾಗಿ ತೆವಳಿ ನನ್ನೊಳಗೆ ನುಗ್ಗಿ, ಮುಖದ ಕಿಂಡಿಯಿಂದ ತಲೆ ಹೊರಹಾಕಿ ಬಾಯಿ ತೆರೆದು ಕೂಗತೊಡಗಿತು. ಅದಕ್ಕೆ ಏನು ಬೇಕೋ ನನಗೆ ತಿಳಿಯಲಿಲ್ಲ. ಸುಮ್ಮನೆ ಅದರ ಸುತ್ತ ಬೆಚ್ಚಗೆ ಇದ್ದೆ.